ಹಿಂದಿನ ಸೀಟಿನಿಂದ ಅಳೆಯಿರಿ: ಎಸ್-ಕ್ಲಾಸ್, 7 ಸೀರೀಸ್, ಎ8 ಎಲ್ ಮತ್ತು ಎಲ್‌ಎಸ್‌ಗಳ ನಡುವೆ ಆರಿಸುವ ಬಗೆ

ಕೋಟಿ ಮೀರಿದ ಬೆಲೆಯ ಸೆಡಾನ್ ನೋಡಲು ಷೋರೂಮಿಗೆ ಹೋದವರು ಮೊದಲು ಕೂರುವುದು ಸ್ಟೀರಿಂಗ್ ಮುಂದೆ. ಮಾರಾಟದವರ ವಿವರಣೆಯೂ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಕಾರು ಮನೆಗೆ ಬಂದ ಮೇಲೆ, ಚಾಲಕರನ್ನು ಇಟ್ಟುಕೊಂಡಿರುವ ಕುಟುಂಬಗಳಲ್ಲಿ, ಹಣ ಕೊಟ್ಟವರು ದಿನವೂ ಕೂರುವುದು ಹಿಂದಿನ ಎಡಬದಿಯ ಸೀಟಿನಲ್ಲಿ. ಈ ದರ್ಜೆಯ ಕಾರುಗಳನ್ನು ತಯಾರಕರು ರೂಪಿಸುವಾಗಲೂ ಆ ಸೀಟಿಗೆ ಅಪಾರ ಶ್ರಮ ಸುರಿದಿರುತ್ತಾರೆ. ಹೀಗಿರುವಾಗ, ಕೊಳ್ಳುವವರು ಅದನ್ನು ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಳ್ಳುವುದು ದೊಡ್ಡ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಇಲ್ಲಿನ ಹೋಲಿಕೆ ಹಿಂದಿನ ಸೀಟಿನಿಂದ ಆರಂಭವಾಗಿ ಮುಂದಕ್ಕೆ ಸಾಗುತ್ತದೆ.

ಹೋಲಿಕೆಗೆ ತೆಗೆದುಕೊಂಡಿರುವುದು ನಾಲ್ಕು ಕಾರುಗಳನ್ನು. ಮರ್ಸಿಡಿಸ್-ಬೆಂಝ್ ಎಸ್-ಕ್ಲಾಸ್‌ನ 2020ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ ತಲೆಮಾರು, ಬಿಎಂಡಬ್ಲ್ಯು 7 ಸೀರೀಸ್‌ನ 2022ರ ಏಪ್ರಿಲ್‌ನ ತಲೆಮಾರು, 2017ರಲ್ಲಿ ಬಂದು 2021ರಲ್ಲಿ ಪರಿಷ್ಕರಣೆಗೊಂಡ ಆಡಿ ಎ8 ಎಲ್, ಹಾಗೂ 2017ರ ಲೆಕ್ಸಸ್ ಎಲ್‌ಎಸ್. ಮೊದಲೆರಡರ ವಿದ್ಯುತ್ ಜೋಡಿಗಳಾದ ಇಕ್ಯೂಎಸ್ ಮತ್ತು ಐ7 ಕೂಡ ಸಂದರ್ಭ ಬಂದಾಗ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಎಸ್-ಕ್ಲಾಸ್ ಪುಣೆ ಬಳಿಯ ಚಾಕಣದಲ್ಲಿಯೂ 7 ಸೀರೀಸ್‌ನ ಪೆಟ್ರೋಲ್, ಡೀಸೆಲ್ ಮಾದರಿಗಳು ಚೆನ್ನೈ ಬಳಿಯ ಕಾರ್ಖಾನೆಯಲ್ಲಿಯೂ ಜೋಡಣೆಯಾಗಿ ನಮ್ಮ ಮಾರುಕಟ್ಟೆಗೆ ಬಂದಿವೆ. ಉಳಿದೆರಡು ಪೂರ್ತಿ ತಯಾರಾಗಿಯೇ ಆಮದಾಗಿವೆ. ಎಂಜಿನ್ ಮತ್ತು ಸಲಕರಣೆಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಇಲ್ಲಿ ಹೇಳಿದ ಪ್ರತಿಯೊಂದು ಆಯ್ಕೆಯೂ ನಿಮಗೆ ಬರುವ ಕಾರಿನಲ್ಲಿ ಇದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ನಾಲ್ಕೂ ಕಾರುಗಳ ಸ್ವಭಾವಕ್ಕೆ ಅವುಗಳ ವಂಶದಲ್ಲೇ ಬೇರುಗಳಿವೆ. ಎಸ್-ಕ್ಲಾಸ್ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1972ರಲ್ಲಿ. ಬಾಷ್ ಜೊತೆ ಸೇರಿ ರೂಪಿಸಿದ ಎಲೆಕ್ಟ್ರಾನಿಕ್ ಎಬಿಎಸ್ ಬ್ರೇಕನ್ನು 1978ರಲ್ಲಿ ಆ ಕಾರಿಗೆ ಅಳವಡಿಸಲಾಯಿತು. ಸುರಕ್ಷತೆ ಮತ್ತು ಸವಾರಿಯ ಸುಖಗಳಲ್ಲಿ ಹೊಸದನ್ನು ಮೊದಲು ಎಸ್-ಕ್ಲಾಸ್‌ನಲ್ಲಿ ತರುವುದು ಆಮೇಲೆ ಆ ಮನೆಯ ಪದ್ಧತಿಯೇ ಆಯಿತು. 1977ರಲ್ಲಿ ಹುಟ್ಟಿದ 7 ಸೀರೀಸ್ ಚಾಲಕನ ಖುಷಿಯನ್ನು ಮುಂದಿಟ್ಟುಕೊಂಡು ಬೆಳೆಯಿತು. 1987ರಲ್ಲಿ ಅದಕ್ಕೆ ಹನ್ನೆರಡು ಸಿಲಿಂಡರಿನ ಎಂಜಿನ್ ಬಂತು. 2001ರಲ್ಲಿ ಒಂದೇ ತಿರುಗುಗುಂಡಿಯಿಂದ ಎಲ್ಲವನ್ನೂ ನಡೆಸುವ ಐಡ್ರೈವ್ ಬಂದು ಇಡೀ ಉದ್ಯಮವನ್ನೇ ಬದಲಿಸಿತು. ಆಡಿ 1994ರ ಎ8ಗೆ ಅಲ್ಯೂಮಿನಿಯಂ ಒಡಲು ಕೊಟ್ಟು ಎಂಜಿನಿಯರಿಂಗಿನ ಕಡೆಯಿಂದ ಪಂಕ್ತಿಗೆ ಬಂತು. ಲೆಕ್ಸಸ್ ಎಲ್‌ಎಸ್ 400 ಕಾರು 1989ರಲ್ಲಿ ಅಮೆರಿಕದ ಮಾರುಕಟ್ಟೆಗೆ ಕಾಲಿಟ್ಟಾಗ ತಂದದ್ದು ನಿಶ್ಶಬ್ದ ಮತ್ತು ಬಿಗಿಯಾದ ಜೋಡಣೆ. ಇಂದಿಗೂ ಈ ನಾಲ್ಕರಲ್ಲಿ ಕೂತು ನೋಡಿದರೆ ಆ ಹಳೆಯ ಸ್ವಭಾವಗಳು ಗುರುತು ಸಿಗುತ್ತವೆ.

ಹತ್ತುವುದು, ಕೂರುವುದು, ಒರಗುವುದು

ನಮ್ಮ ಸೋದರಮಾವನಿಗೆ ಎಪ್ಪತ್ತು ದಾಟಿದೆ. ಎರಡೂ ಮೊಣಕಾಲುಗಳಲ್ಲಿ ನೋವಿದೆ. ಅವರೊಡನೆ ಇಂಥ ಕಾರುಗಳನ್ನು ನೋಡಲು ಹೋದ ದಿನ ಅವರು ಚರ್ಮದ ಬಣ್ಣವನ್ನಾಗಲಿ ಪರದೆಯ ಗಾತ್ರವನ್ನಾಗಲಿ ವಿಚಾರಿಸಲಿಲ್ಲ. ಪ್ರತಿ ಕಾರಿನ ಹಿಂದಿನ ಬಾಗಿಲು ತೆರೆಸಿ ಮೂರು ಸಲ ಹತ್ತಿ ಮೂರು ಸಲ ಇಳಿದರು. ಮೊದಲು ಬೆನ್ನು ತಿರುಗಿಸಿ ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುವುದು ಅವರ ರೂಢಿ. ಒಂದು ಕಾರಿನಲ್ಲಿ ಪಂಚೆಯ ಅಂಚು ಹೊಸ್ತಿಲ ಪಟ್ಟಿಗೆ ಸಿಕ್ಕಿತು. ಇನ್ನೊಂದರಲ್ಲಿ ಇಳಿಯುವಾಗ ಹಿಡಿದುಕೊಳ್ಳಲು ಕೈಗೆ ಸರಿಯಾದ ಆಸರೆ ಸಿಗಲಿಲ್ಲ. ಹತ್ತು ನಿಮಿಷದೊಳಗೆ ಅವರು ತಮಗೆ ಆಗದ್ದನ್ನು ಬದಿಗಿಟ್ಟಿದ್ದರು. ಹಿರಿಯರಿರುವ ಮನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ.

ಈ ಪರೀಕ್ಷೆಯ ಹಿಂದಿನ ಅಂಕಿಗಳನ್ನು ನೋಡೋಣ. ಉದ್ದನೆಯ ಎಸ್-ಕ್ಲಾಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 3,216 ಮಿ.ಮೀ.; 7 ಸೀರೀಸ್‌ನದು 3,215. ಇಬ್ಬರೂ ಒಂದೇ ಅಳತೆಗೆ ಬಂದು ನಿಂತಿದ್ದಾರೆ. ಆದರೆ ಎತ್ತರದಲ್ಲಿ 7 ಸೀರೀಸ್ 1,544 ಮಿ.ಮೀ. ಇದ್ದರೆ ಎಸ್-ಕ್ಲಾಸ್ 1,503. ನಾಲ್ಕು ಸೆಂಟಿಮೀಟರಿನ ಈ ಅಂತರ ಕಾಗದದ ಮೇಲೆ ಅಲ್ಪವಾದರೂ ಬಾಗಲಾರದ ಬೆನ್ನಿಗೆ ಅದರ ಅರ್ಥ ಬಹಳ ದೊಡ್ಡದು. ಎ8 ಎಲ್‌ನ ವೀಲ್‌ಬೇಸ್ 3,128 ಮಿ.ಮೀ., ಎಲ್‌ಎಸ್‌ನದು 3,125. ಅಂದರೆ ಇವೆರಡರಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಕಡಿಮೆ. ಆರಡಿ ಎತ್ತರದವರು ಕಾಲು ಚಾಚಿದಾಗ ಈ ಕೊರತೆ ತಿಳಿಯುತ್ತದೆ. ಸಾಧಾರಣ ಎತ್ತರದವರಿಗೆ ತಿಳಿಯುವುದಿಲ್ಲ. ಆಡಿಯಲ್ಲಿ ಕ್ಯಾಮೆರಾ ನೆರವಿನ ಸಕ್ರಿಯ ಸಸ್ಪೆನ್ಷನ್ ಆಯ್ಕೆ ಇದ್ದರೆ, ಬಾಗಿಲು ತೆರೆಯುವಾಗ ಇಡೀ ಕಾರೇ 50 ಮಿ.ಮೀ. ಮೇಲೇಳುತ್ತದೆ. ನನ್ನ ಮಾವನಂಥವರಿಗೆ ಇದು ಕಾರುಕೊಟ್ಟ ಉಪಕಾರವೇ ಸರಿ, ಆದರೆ ಎಲ್ಲ ಕಾರುಗಳಲ್ಲೂ ಬರುವ ಸಲಕರಣೆ ಅದಲ್ಲ.

ಕೂತ ಮೇಲಿನ ಸುಖದಲ್ಲಿ ಎಸ್-ಕ್ಲಾಸ್ ಮತ್ತು 7 ಸೀರೀಸ್ ಬೇರೆಬೇರೆ ದಾರಿ ಹಿಡಿದಿವೆ. ಎಸ್-ಕ್ಲಾಸ್‌ನ ಒರಗುಬೆನ್ನು 43.5 ಡಿಗ್ರಿಯವರೆಗೆ ಬಾಗುತ್ತದೆ, 7 ಸೀರೀಸ್‌ನ ಎಕ್ಸಿಕ್ಯುಟಿವ್ ಲೌಂಜ್ ಸೀಟು 42.5 ಡಿಗ್ರಿಯವರೆಗೆ. ಎರಡರಲ್ಲೂ ಮುಂದಿನ ಎಡ ಸೀಟು ತಾನಾಗಿ ಮುಂದಕ್ಕೆ ಸರಿದು ಕಾಲಿಗೆ ಜಾಗ ಬಿಡುತ್ತದೆ. ವ್ಯತ್ಯಾಸವಿರುವುದು ಮೈಯನ್ನು ಹೊತ್ತುಕೊಳ್ಳುವ ರೀತಿಯಲ್ಲಿ. ಎಸ್-ಕ್ಲಾಸ್‌ನ ತಲೆದಿಂಬು ನಿಜವಾದ ದಿಂಬಿನಂತೆಯೇ ಮೆತ್ತಗಿದ್ದು, ತಲೆ ಅದರೊಳಗೆ ಸ್ವಲ್ಪ ಹುದುಗುತ್ತದೆ. ಆಯ್ಕೆಯಾಗಿ ಅದನ್ನು ಬೆಚ್ಚಗೂ ಮಾಡಿಕೊಳ್ಳಬಹುದು. ಕುತ್ತಿಗೆಯ ಸ್ನಾಯು ಸಡಿಲಗೊಳ್ಳುವುದು ಅಲ್ಲಿಂದಲೇ. ನಿದ್ದೆ ಮಾಡುತ್ತ ಊರಿಗೆ ಹೋಗುವವರಿಗೆ ಇದಕ್ಕೆ ಸಾಟಿಯಿಲ್ಲ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. 7 ಸೀರೀಸ್‌ನ ಸೀಟು ತುಸು ಗಟ್ಟಿ, ಆದರೆ ತೊಡೆಗೆ ಉದ್ದವಾದ ಆಸರೆ ಕೊಡುತ್ತದೆ.

7 ಸೀರೀಸ್ ತನ್ನ ಶಕ್ತಿಯನ್ನೆಲ್ಲ ತೋರುವುದು ಬೇರೆ ಕಡೆ. ಬಾಗಿಲಿನಲ್ಲಿ ಹುದುಗಿಸಿದ 5.5 ಇಂಚಿನ ಸ್ಪರ್ಶಪರದೆಯಲ್ಲಿ ಒಂದು ಆಜ್ಞೆ ಕೊಟ್ಟರೆ, ಪಕ್ಕದ ಮತ್ತು ಹಿಂದಿನ ಗಾಜುಗಳ ಪರದೆಗಳು ಮೇಲೇರಿ, ಛಾವಣಿಯಿಂದ 31.3 ಇಂಚಿನ ಅಗಲವಾದ ಥಿಯೇಟರ್ ಪರದೆ ನಿಧಾನವಾಗಿ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಆ ಹತ್ತಾರು ಕ್ಷಣಗಳಲ್ಲಿ ಕಾರಿನ ಒಳಗು ಚಿಕ್ಕ ಚಿತ್ರಮಂದಿರವಾಗುವುದನ್ನು ನೋಡಿದ ಮಕ್ಕಳು ಮತ್ತೆ ಬೇರೆ ಕಾರಿನ ಮಾತೆತ್ತುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಪರದೆ ಇಳಿದಾಗ ಚಾಲಕರಿಗೆ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ. ಮತ್ತು ಅಷ್ಟು ದೊಡ್ಡ ಚಿತ್ರ ಅಷ್ಟು ಹತ್ತಿರದಲ್ಲಿದ್ದಾಗ, ಘಾಟಿಯ ತಿರುವುಗಳಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ದಾಟಿ ಆಗಾಗ ಕರಾವಳಿಗೆ ಹೋಗುವವರು ಈ ಆಯ್ಕೆಗೆ ಹಣ ಕೊಡುವ ಮುನ್ನ ಮನೆಯವರಲ್ಲಿ ಯಾರಿಗೆ ವಾಂತಿಯ ತೊಂದರೆ ಇದೆ ಎಂದು ನೆನೆಯಬೇಕು. ಎಸ್-ಕ್ಲಾಸ್‌ನಲ್ಲಿ ಪ್ರತಿ ಸೀಟಿಗೆ ಪ್ರತ್ಯೇಕವಾಗಿ 11.6 ಇಂಚಿನ ಪರದೆ ಸಿಗುತ್ತದೆ. ಇಬ್ಬರು ಬೇರೆಬೇರೆ ಕೆಲಸದಲ್ಲಿರುವಾಗ ಅದೇ ಹೆಚ್ಚು ಉಪಯೋಗ.

ಎ8 ಎಲ್‌ನ ವಿಶೇಷವೆಂದರೆ ಕಾಲು. ಮುಂದಿನ ಎಡ ಸೀಟಿನ ಬೆನ್ನಿನಲ್ಲಿ ಅಡಗಿರುವ ಪಾದಪೀಠ ಬಿಚ್ಚಿಕೊಂಡು, ಅಂಗಾಲುಗಳನ್ನು ಬೆಚ್ಚಗಾಗಿಸಿ ಒತ್ತಿಕೊಡುತ್ತದೆ. ದಿನವಿಡೀ ನಿಂತು ಕೆಲಸ ಮಾಡುವ ಶಸ್ತ್ರಚಿಕಿತ್ಸಕರಂಥವರಿಗೆ ಅದು ಸಂಜೆಯ ಹೊತ್ತಿಗೆ ನಿಜವಾದ ಆರೈಕೆ. ಲೆಕ್ಸಸ್‌ನಲ್ಲಿ ಮೈಗೆ ಸಿಗುವ ಸುಖದಷ್ಟೇ ಕಣ್ಣಿಗೆ ಸಿಗುವ ಸುಖವೂ ಇದೆ; ಅದರ ಮಾತು ಮುಂದೆ ಬರುತ್ತದೆ.

ಸುರಕ್ಷತೆಯೂ ಈ ಸೀಟಿಗೇ ಸೇರಿದ ವಿಷಯ. ಹಿಂದೆ ಕೂತವರಿಗೆ ಎದುರಿನಿಂದ ಉಬ್ಬುವ ಏರ್‌ಬ್ಯಾಗನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಕೊಟ್ಟದ್ದು ಈ ಎಸ್-ಕ್ಲಾಸ್. ಮುಂದಿನ ಸೀಟುಗಳ ಬೆನ್ನಿನಲ್ಲಿ ಅದು ಅಡಗಿರುತ್ತದೆ. ಆದರೆ ಸೀಟ್‌ಬೆಲ್ಟ್ ಹಾಕದೆ ಪೂರ್ತಿ ಒರಗಿ ಮಲಗಿದವರನ್ನು ಯಾವ ಏರ್‌ಬ್ಯಾಗೂ ಕಾಯುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕುವುದನ್ನು ಅಪಮಾನವೆಂದು ಬಗೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂಪು, ಟೈರು ಮತ್ತು ನಿಶ್ಶಬ್ದ

ಈ ದರ್ಜೆಯ ಕಾರುಗಳು ಕಬ್ಬಿಣದ ಸುರುಳಿಯ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುತ್ತವೆ. ಗಾಳಿಯ ಒತ್ತಡವನ್ನು ಯಂತ್ರವೇ ಹೆಚ್ಚುಕಡಿಮೆ ಮಾಡುವುದರಿಂದ, ಹಿಂದೆ ಇಬ್ಬರು ಕೂತು ಡಿಕ್ಕಿ ತುಂಬಿದ್ದರೂ ಕಾರು ಕುಗ್ಗುವುದಿಲ್ಲ. ಎಸ್-ಕ್ಲಾಸ್‌ನ ಏರ್‌ಮ್ಯಾಟಿಕ್ ವ್ಯವಸ್ಥೆ ನಿಧಾನದ ಓಟದಲ್ಲಿ ಕಾರನ್ನು 30 ಮಿ.ಮೀ. ಎತ್ತಿಕೊಡುತ್ತದೆ. ನಮ್ಮ ಹಳ್ಳಿ ಊರುಗಳ ಅವೈಜ್ಞಾನಿಕ ಹಂಪುಗಳಿಗೆ ಇದು ಬೇಕೇ ಬೇಕು. ಏಕೆಂದರೆ ಚಕ್ರಗಳ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರವಿರುವಾಗ, ಮುಂದಿನ ಚಕ್ರ ಹಂಪು ಇಳಿದ ಮೇಲೂ ಹಿಂದಿನ ಚಕ್ರ ಏರಿರುವುದಿಲ್ಲ. ಆಗ ಕಾರಿನ ಹೊಟ್ಟೆಯೇ ಹಂಪಿನ ನೆತ್ತಿಯ ಮೇಲೆ ಹಾದುಹೋಗುತ್ತದೆ.

ಸವಾರಿಯ ಮೃದುತ್ವದ ಬಗ್ಗೆ ಬಹುಪಾಲು ಜನ ಕೇಳದೇ ಬಿಡುವ ಪ್ರಶ್ನೆ ಟೈರಿನದು. ಎಸ್-ಕ್ಲಾಸ್‌ಗೆ 19 ಇಂಚಿನ ಚಕ್ರದ ಮೇಲೆ 255/45 ಅಳತೆಯ ಟೈರು (ಅಗಲ 255 ಮಿ.ಮೀ., ಗೋಡೆಯ ಎತ್ತರ ಅದರ ಶೇ 45) ಹಾಕಿದರೆ, ರಿಮ್ಮಿಗೂ ರಸ್ತೆಗೂ ನಡುವೆ ಸುಮಾರು 115 ಮಿ.ಮೀ. ಎತ್ತರದ ರಬ್ಬರ್ ಗೋಡೆ ಇರುತ್ತದೆ. 20 ಇಂಚಿನ ಚಕ್ರಕ್ಕೆ ಹೋಗಿ 255/40 ಟೈರು ಹಾಕಿದರೆ ಅದು 102 ಮಿ.ಮೀ.ಗೆ ಇಳಿಯುತ್ತದೆ. ಒಂದು ಸೆಂಟಿಮೀಟರಿಗೂ ಹೆಚ್ಚಿನ ಆ ರಬ್ಬರೇ ರಸ್ತೆಯ ಚಿಕ್ಕ ಬಿರುಕು, ಜಲ್ಲಿ, ಸೇತುವೆಯ ಜೋಡಣೆಯ ಅಂಚುಗಳನ್ನು ನುಂಗುವುದು. ಗಾಳಿಚೀಲಗಳು ದೊಡ್ಡ ಅಲೆಗಳನ್ನು ಅಡಗಿಸುತ್ತವೆಯೇ ಹೊರತು ಚುಚ್ಚುವ ಸಣ್ಣ ಪೆಟ್ಟುಗಳನ್ನು ಅಷ್ಟಾಗಿ ತಡೆಯಲಾರವು. ಹೀಗಾಗಿ, ದೊಡ್ಡ ಅಲಾಯ್ ಚಕ್ರದ ಅಂದಕ್ಕೆ ಮನಸೋತು ಲಕ್ಷಗಟ್ಟಲೆ ಕೊಟ್ಟವರು ತಾವು ಹಣ ಕೊಟ್ಟ ಮೆತ್ತನೆಯ ಸವಾರಿಯನ್ನು ತಾವೇ ಕಳೆದುಕೊಳ್ಳುತ್ತಾರೆ. ಎಂ ಸ್ಪೋರ್ಟ್ ರೂಪದಲ್ಲಿ ಬರುವ 7 ಸೀರೀಸ್‌ಗೆ ಚಕ್ರಗಳು ದೊಡ್ಡವಾದರೂ ಅದರ ಟೈರಿನ ಒಟ್ಟು ವ್ಯಾಸವೂ ದೊಡ್ಡದಾಗಿರುವುದರಿಂದ ಗೋಡೆ ಪೂರ್ತಿ ತೆಳುವಾಗಿಲ್ಲ. ಆದರೂ ಹಿಂದಿನ ಸೀಟಿನ ಮಟ್ಟಿಗೆ ನನ್ನ ಸಲಹೆ ಒಂದೇ: ಸಿಗುವ ಚಕ್ರಗಳಲ್ಲಿ ಅತ್ಯಂತ ಚಿಕ್ಕದನ್ನು ಆರಿಸಿ.

ರಸ್ತೆಯನ್ನು ಕ್ಯಾಮೆರಾದಿಂದ ಮೊದಲೇ ನೋಡಿ ಪ್ರತಿ ಚಕ್ರವನ್ನೂ ಎತ್ತಿ ಇಳಿಸುವ ವ್ಯವಸ್ಥೆ ಎಸ್-ಕ್ಲಾಸ್ ಮತ್ತು ಎ8 ಎರಡಕ್ಕೂ ಇದೆ. ಪಕ್ಕದಿಂದ ವಾಹನ ಬಂದು ಗುದ್ದುವುದು ಖಚಿತವಾದರೆ, ಕಾರಿನ ಆ ಬದಿಯನ್ನು ಕ್ಷಣಾರ್ಧದಲ್ಲಿ 80 ಮಿ.ಮೀ.ವರೆಗೆ ಎತ್ತಿ, ಪೆಟ್ಟು ಬಾಗಿಲಿನ ತೆಳು ಭಾಗದ ಬದಲು ಗಟ್ಟಿಯಾದ ಕೆಳಚೌಕಟ್ಟಿಗೆ ಬೀಳುವಂತೆ ಅವು ಮಾಡುತ್ತವೆ. ಇದು ಎಂಜಿನಿಯರಿಂಗಿನ ಬಹು ದೊಡ್ಡ ಸಾಧನೆ. ಆದರೆ ಇವು ಆಯ್ಕೆಯ ಸಲಕರಣೆಗಳು. ನಿಮ್ಮ ಕಾರಿನಲ್ಲಿ ಇವೆಯೆಂದು ಊಹಿಸಿಕೊಳ್ಳಬಾರದು.

ನಿಶ್ಶಬ್ದದ ವಿಷಯದಲ್ಲಿ ನಾಲ್ವರ ನಡುವೆ ಅಂತರ ಕೂದಲೆಳೆಯಷ್ಟು. ಎಸ್-ಕ್ಲಾಸ್‌ನ ಒಡಲಿನ ಟೊಳ್ಳು ಕಂಬಗಳಿಗೆ ಉಬ್ಬುವ ಫೋಮ್ ತುಂಬಿ ಸದ್ದು ಹರಿಯುವ ದಾರಿಗಳನ್ನೇ ಮುಚ್ಚಲಾಗಿದೆ. ಹೊರಗಿನ ಹಾರ್ನ್ ದೂರದ ಬೀದಿಯದೆಂಬಂತೆ ಕೇಳುತ್ತದೆ. ಲೆಕ್ಸಸ್ ಎಲ್‌ಎಸ್ 500ಎಚ್ ಹೈಬ್ರಿಡ್ ಆಗಿರುವುದರಿಂದ ಸಿಗ್ನಲ್ಲುಗಳಲ್ಲಿ ಎಂಜಿನ್ ಆರಿ ಪೂರ್ಣ ಮೌನ ಆವರಿಸುತ್ತದೆ; ಜೋರಾಗಿ ವೇಗ ಕೇಳಿದಾಗ ಮಾತ್ರ ವಿ6 ಎಂಜಿನ್ ತನ್ನ ಇರವನ್ನು ತಿಳಿಸುತ್ತದೆ.

ಹೊರರೂಪ, ಒಳರೂಪ

ಎಸ್-ಕ್ಲಾಸ್‌ನ ಪಕ್ಕಗಳಲ್ಲಿ ಗೆರೆಗಳೇ ಕಡಿಮೆ. ಮುಂದಿನಿಂದ ಹಿಂದಕ್ಕೆ ಇಳಿಜಾರಾಗಿ ಹರಿಯುವ ಒಂದೇ ಗೆರೆ, ಮಿಕ್ಕದ್ದೆಲ್ಲ ನಯವಾದ ಮೈ. ಬಾಗಿಲ ಹಿಡಿಗಳು ಒಳಗೆ ಹುದುಗಿದ್ದು ಮಾಲೀಕರು ಬಂದಾಗ ಹೊರಬರುತ್ತವೆ. ಗಾಳಿಯ ತಡೆಯ ಅಂಕ (ಕಡಿಮೆಯಾದಷ್ಟೂ ಒಳ್ಳೆಯದು) 0.22. ಇಷ್ಟು ದೊಡ್ಡ ಕಾರಿಗೆ ಇದು ಅಪರೂಪ. ಹೆದ್ದಾರಿಯಲ್ಲಿ ಗಾಳಿಯ ಸೀಟಿ ಕೇಳದಿರಲು ಇದೂ ಕಾರಣ. 7 ಸೀರೀಸ್ ಇದಕ್ಕೆ ತೀರ ವಿರುದ್ಧ. ಎತ್ತರದ ಮೂತಿ, ಬೆಳಕು ಬೀರುವ ದೊಡ್ಡ ಜೋಡಿ ಗ್ರಿಲ್, ಮೇಲೊಂದು ಕೆಳಗೊಂದು ಎಂದು ಸೀಳಿದ ಹೆಡ್‌ಲ್ಯಾಂಪು. ಆಯ್ಕೆಯಲ್ಲಿ ಮೇಲಿನ ದೀಪಕ್ಕೆ ಸ್ಫಟಿಕದ ಹರಳುಗಳೂ ಸಿಗುತ್ತವೆ. ಮದುವೆ ಮಂಟಪದ ಮುಂದೆ ನಿಂತರೆ ಎಲ್ಲರೂ ತಿರುಗಿ ನೋಡುವ ಕಾರು ಇದು. ಹಾಗೆ ನೋಡಿಸಿಕೊಳ್ಳುವುದು ಇಷ್ಟವೋ ಇಲ್ಲವೋ ಎಂಬುದು ಮುಖ್ಯವಾದ ಪ್ರಶ್ನೆ, ಏಕೆಂದರೆ ಹತ್ತು ವರ್ಷ ಈ ಮುಖವನ್ನೇ ದಿನವೂ ನೋಡಬೇಕು. ನನಗೆ ಎಸ್-ಕ್ಲಾಸ್‌ನ ಸಂಯಮವೇ ಹೆಚ್ಚು ಹಿಡಿಸುತ್ತದೆ. ಅದು ಹಳತಾಗುವುದೂ ನಿಧಾನ. ಇವೆರಡಕ್ಕಿಂತಲೂ ಮೌನಿ ಎ8 ಎಲ್. ಅದರ ಉದ್ದ 5,320 ಮಿ.ಮೀ. ಇದ್ದರೂ ಬೀದಿಯಲ್ಲಿ ಗಮನ ಸೆಳೆಯದೆ ಸಾಗುತ್ತದೆ, ಇದನ್ನೇ ಬಯಸುವ ಕೊಳ್ಳುಗರೂ ಇದ್ದಾರೆ.

ಒಳಗಿನ ಮಾತಿಗೆ ಬಂದರೆ, ಎಸ್-ಕ್ಲಾಸ್‌ನ ನಡುವೆ 12.8 ಇಂಚಿನ ಒಎಲ್‌ಇಡಿ ಪರದೆ ನಿಂತಿದೆ. 7 ಸೀರೀಸ್‌ನಲ್ಲಿ 12.3 ಮತ್ತು 14.9 ಇಂಚಿನ ಎರಡು ಪರದೆಗಳು ಒಂದೇ ಬಾಗಿದ ಗಾಜಿನ ಹಿಂದೆ ಸೇರಿವೆ. ಎರಡರಲ್ಲೂ ಎಸಿ ಮೊದಲಾದ ಕೆಲಸಗಳು ಪರದೆಯೊಳಗೆ ಹೋಗಿರುವುದನ್ನು ನಾನು ಒಪ್ಪಲಾರೆ. ಗುಂಡಿಯನ್ನು ಬೆರಳು ನೋಡದೆಯೇ ಹುಡುಕುತ್ತದೆ, ಪರದೆಗೆ ಕಣ್ಣು ಬೇಕು. ಚಾಲಕರ ಕಣ್ಣು ರಸ್ತೆಯ ಮೇಲಿರಬೇಕು. ಈ ಪರದೆಗಳ ಹಿಂದಿನ ತಂತ್ರಾಂಶದ ಲೋಕಕ್ಕೂ ನಮಗೂ ಒಂದು ನಂಟಿದೆ: ಮರ್ಸಿಡಿಸ್-ಬೆಂಝ್‌ನ ಜರ್ಮನಿಯ ಹೊರಗಿನ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ, 1996ರಿಂದ.

ಕೈಕುಶಲದಲ್ಲಿ ಲೆಕ್ಸಸ್ ಎಲ್ಲರನ್ನೂ ಹಿಂದಿಕ್ಕುತ್ತದೆ. ಆಯ್ಕೆಯಾಗಿ ದೊರೆಯುವ ಬಾಗಿಲ ಒಳಮೈಯಲ್ಲಿ ಬಟ್ಟೆಯನ್ನು ಕೈಯಿಂದಲೇ ಮಡಿಕೆಮಡಿಕೆಯಾಗಿ ಜೋಡಿಸಿದ್ದಾರೆ. ನಮ್ಮ ಹಿರಿಯ ಹೆಂಗಸರು ರೇಷ್ಮೆ ಸೀರೆಯ ನಿರಿಗೆ ಹಿಡಿಯುವಾಗಿನ ಶ್ರದ್ಧೆ ಅಲ್ಲಿ ಕಾಣುತ್ತದೆ. ಜಪಾನಿನ ಕಿರಿಕೊ ಪದ್ಧತಿಯಲ್ಲಿ ಕೊರೆದ ಗಾಜಿನ ಫಲಕ ಬೆಳಕು ಬದಲಾದಂತೆ ಮಿನುಗುತ್ತದೆ. ಪರದೆಗಳು ಐದು ವರ್ಷದಲ್ಲಿ ಹಳೆಯದಾಗುತ್ತವೆ. ಈ ಕೆಲಸ ಹಳೆಯದಾಗುವುದಿಲ್ಲ. ತಂತ್ರಜ್ಞಾನದಲ್ಲಿ ಎಲ್‌ಎಸ್ ಜರ್ಮನ್ನರಿಗಿಂತ ಹಿಂದಿದೆ ಎಂಬುದು ನಿಜವಾದರೂ ಈ ಒಂದು ಕಾರಣಕ್ಕೆ ಅದನ್ನು ಆರಿಸುವವರ ಅಭಿರುಚಿಯನ್ನು ನಾನು ಗೌರವಿಸುತ್ತೇನೆ.

ಓಟ

ಈ ಕಾರುಗಳಲ್ಲಿ ಶಕ್ತಿ ಸಾಲದು ಎನ್ನುವ ಪ್ರಶ್ನೆಯೇ ಇಲ್ಲ. ಎಸ್ 450 4ಮ್ಯಾಟಿಕ್‌ನ ಮೂರು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ 367 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) ಕೊಡುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ 5.1 ಸೆಕೆಂಡು. 7 ಸೀರೀಸ್‌ನ ಪೆಟ್ರೋಲ್ ಮಾದರಿಯಾದ 740ಐಗೆ ಅದೇ ಓಟಕ್ಕೆ 5.4 ಸೆಕೆಂಡು, ಎ8 ಎಲ್ 55 ಟಿಎಫ್‌ಎಸ್‌ಐನ 340 ಅಶ್ವಶಕ್ತಿಗೆ 5.7 ಸೆಕೆಂಡು. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿಯೇ 100 ಕಿ.ಮೀ. ಇರುವಾಗ ಈ ಅರ್ಧ ಸೆಕೆಂಡಿನ ಅಂತರಗಳಿಗೆ ಬೆಲೆ ಕಟ್ಟುವುದು ವ್ಯರ್ಥ.

ಹಿಂದೆ ಕೂತವರಿಗೆ ಬೇಕಾದದ್ದು ವೇಗ ಹುಟ್ಟುವ ರೀತಿ. ಎಸ್-ಕ್ಲಾಸ್‌ನ ಡೀಸೆಲ್ ಮಾದರಿಯಾದ ಎಸ್ 350ಡಿ ಕಾಗದದಲ್ಲಿ 286 ಅಶ್ವಶಕ್ತಿಯದಷ್ಟೇ. ಆದರೆ ಅದರ 600 ನ್ಯೂಟನ್ ಮೀಟರ್ ಟಾರ್ಕ್ ಎಂಜಿನ್ ನಿಮಿಷಕ್ಕೆ 1,200 ಸುತ್ತು ತಿರುಗುವಾಗಲೇ ಸಿಗುವುದರಿಂದ, ಲಾರಿ ದಾಟುವಾಗ ಗೇರು ಬದಲಿಸುವ ಜಗ್ಗಾಟವಿಲ್ಲದೆ, ಎಂಜಿನ್ ಕೂಗದೆ, ಕಾರು ಉಬ್ಬರದ ನೀರಿನಂತೆ ಮುಂದೆ ಸಾಗುತ್ತದೆ. 7 ಸೀರೀಸ್‌ನ ಡೀಸೆಲ್ ಆದ 740ಡಿಯಲ್ಲಿಯೂ 286 ಅಶ್ವಶಕ್ತಿಯೇ, ಟಾರ್ಕ್ 650. ವರ್ಷಕ್ಕೆ ಮೂವತ್ತು ಸಾವಿರ ಕಿ.ಮೀ. ಓಡಾಡುವವರಿಗೆ, ಇಂದಿಗೂ, ಹೆದ್ದಾರಿಗೆ ಈ ಡೀಸೆಲ್‌ಗಳಷ್ಟು ಹೊಂದುವ ಎಂಜಿನ್ ಇಲ್ಲ. ಆದರೆ ನಗರದೊಳಗೇ ಓಡಾಡುವವರು ಡೀಸೆಲ್ ಕೊಳ್ಳಬಾರದು. ಹೊಗೆಯ ಕಣಗಳನ್ನು ಹಿಡಿದಿಡುವ ಸೋಸುಕವು ಆಗಾಗ ಬಿಸಿಯೇರಿ ತನ್ನನ್ನು ಸುಟ್ಟು ಸ್ವಚ್ಛಗೊಳಿಸಿಕೊಳ್ಳಬೇಕು. ಮೂರು ಮೂರು ಕಿ.ಮೀ. ಓಡಾಟದಲ್ಲಿ ಅದಕ್ಕೆ ಅವಕಾಶ ಸಿಗದೆ ಕಟ್ಟಿಕೊಳ್ಳುತ್ತದೆ.

ನೀವೇ ಸ್ಟೀರಿಂಗ್ ಹಿಡಿಯುವವರಾದರೆ ತೂಕ 7 ಸೀರೀಸ್ ಕಡೆಗೆ ವಾಲುತ್ತದೆ. ಅಷ್ಟು ದೊಡ್ಡ ಮೈ ಇದ್ದರೂ ತಿರುವಿನಲ್ಲಿ ಅದು ಚಾಲಕರ ಮಾತನ್ನು ತಕ್ಷಣ ಕೇಳುತ್ತದೆ, ಸ್ಟೀರಿಂಗಿನಲ್ಲಿ ಒಂದು ಬಗೆಯ ಆತ್ಮೀಯತೆ ಇದೆ. ಎಸ್-ಕ್ಲಾಸ್ ಅದೇ ತಿರುವನ್ನು ಅಷ್ಟೇ ಸುಲಭವಾಗಿ ದಾಟಿಸಿದರೂ ಚಾಲಕರನ್ನು ಆ ಸಂಭಾಷಣೆಗೆ ಕರೆಯುವುದಿಲ್ಲ. ಆದರೆ ಇಕ್ಕಟ್ಟಿನಲ್ಲಿ ಎಸ್-ಕ್ಲಾಸ್ ಗೆಲ್ಲುತ್ತದೆ. ಅದರ ಹಿಂದಿನ ಚಕ್ರಗಳು ಆಯ್ಕೆಯನ್ನವಲಂಬಿಸಿ 4.5 ಅಥವಾ 10 ಡಿಗ್ರಿಯವರೆಗೆ ತಿರುಗುತ್ತವೆ. ಹತ್ತು ಡಿಗ್ರಿಯದಾದರೆ ಉದ್ದನೆಯ ಕಾರು ಕೂಡ 11 ಮೀಟರಿಗಿಂತ ಕಿರಿದಾದ ವೃತ್ತದಲ್ಲಿ ತಿರುಗಿಬಿಡುತ್ತದೆ. 7 ಸೀರೀಸ್‌ನ ಹಿಂದಿನ ಚಕ್ರಗಳು ತಿರುಗುವುದು 3.5 ಡಿಗ್ರಿ ಮಾತ್ರ. ಮಲ್ಲೇಶ್ವರ, ಬಸವನಗುಡಿಗಳ ಅಡ್ಡರಸ್ತೆಯಲ್ಲಿ ಮನೆಯಿರುವವರಿಗೆ ಈ ಒಂದು ಸೌಕರ್ಯವೇ ದಿನದಿನದ ನೆಮ್ಮದಿ.

ವಿದ್ಯುತ್ತಿನ ದಾರಿ

ಮೃದುತ್ವ ಮತ್ತು ಮೌನವೇ ಐಷಾರಾಮದ ತಿರುಳಾದರೆ, ವಿದ್ಯುತ್ ಮೋಟರಿಗಿಂತ ಹೆಚ್ಚು ಅದಕ್ಕೆ ಒಪ್ಪುವ ಯಂತ್ರ ಬೇರೆ ಇಲ್ಲ. ಐ7 ಎಕ್ಸ್‌ಡ್ರೈವ್60 ಕಾರಿಗೆ 544 ಅಶ್ವಶಕ್ತಿ, 745 ನ್ಯೂಟನ್ ಮೀಟರ್ ಟಾರ್ಕ್, 101.7 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಇದೆ. ಯುರೋಪಿನ ಪರೀಕ್ಷಾ ಕ್ರಮದಲ್ಲಿ ಒಂದು ಚಾರ್ಜಿಗೆ 590ರಿಂದ 625 ಕಿ.ಮೀ.; ನಮ್ಮ ಎಸಿ ಮತ್ತು ವಾಹನ ದಟ್ಟಣೆಯ ಲೆಕ್ಕದಲ್ಲಿ ಅದರಿಂದ ಕಾಲು ಭಾಗ ಕಳೆದು ಪ್ರಯಾಣ ಯೋಜಿಸುವುದು ಕ್ಷೇಮ. ಹಾಗೆ ಕಳೆದರೂ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ಹಾದಿ ಒಂದೇ ಚಾರ್ಜಿನಲ್ಲಿ ಸಾಗುತ್ತದೆ.

ಬ್ಯಾಟರಿ ಇರುವುದು ಕಾಲಡಿಯಲ್ಲಿ. ಇಲ್ಲಿಯೇ ಐ7 ಮತ್ತು ಇಕ್ಯೂಎಸ್ ಬೇರೆಯಾಗುವುದು. 7 ಸೀರೀಸ್‌ನ ಎತ್ತರದ ಒಡಲು ಕೇವಲ 110 ಮಿ.ಮೀ. ದಪ್ಪದ ಬ್ಯಾಟರಿಯನ್ನು ಅಡಗಿಸಿಕೊಂಡು ಹಿಂದಿನ ಸೀಟಿನ ಭಂಗಿಯನ್ನು ಕೆಡಿಸದೆ ಉಳಿಸಿದೆ. ಇಕ್ಯೂಎಸ್ 580 ಗಾಳಿಯನ್ನು ಸೀಳಲೆಂದೇ ಬಿಲ್ಲಿನಂತೆ ಬಾಗಿದ ಛಾವಣಿ ಪಡೆದು 0.20ರ ಅಂಕ ಸಾಧಿಸಿತು. ನಮ್ಮ ದೇಶದ ಪರೀಕ್ಷೆಯಲ್ಲಿ 857 ಕಿ.ಮೀ. ವ್ಯಾಪ್ತಿಯನ್ನೂ ಪಡೆಯಿತು. ಆದರೆ ಅದಕ್ಕೆ ತೆತ್ತದ್ದು ಹಿಂದಿನ ಸೀಟಿನ ಸುಖವನ್ನು. ನೆಲ ಎತ್ತರವಾಗಿ ಮೊಣಕಾಲುಗಳು ಮೇಲೆದ್ದು, ತೊಡೆ ಸೀಟಿನಿಂದ ಬಿಟ್ಟುಕೊಳ್ಳುತ್ತದೆ. ತಾನೇ ಓಡಿಸುವವರಿಗೆ ಇಕ್ಯೂಎಸ್ ಒಳ್ಳೆಯ ಕಾರು. ಹಿಂದೆ ಕೂರುವವರಿಗೆ ಐ7 ಎಲ್ಲ ರೀತಿಯಲ್ಲೂ ಮೇಲು.

ಮನೆಯ ಚಾರ್ಜರಿನ ವಿಚಾರವನ್ನು ಮುಂಗಡ ಕೊಡುವ ಮೊದಲೇ ಮುಗಿಸಬೇಕು. 11 ಕಿಲೋವ್ಯಾಟಿನ ಚಾರ್ಜರಿಗೆ ತ್ರೀ ಫೇಸ್ ಸಂಪರ್ಕ ಬೇಕು, ಮಂಜೂರಾದ ಲೋಡ್ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಬೇಕು, ಅಪಾರ್ಟ್‌ಮೆಂಟಿನಲ್ಲಿ ಸಂಘದ ಒಪ್ಪಿಗೆಯೂ ಬೇಕು. ಇಷ್ಟಾದ ಮೇಲೂ ಖಾಲಿ ಬ್ಯಾಟರಿ ತುಂಬಲು ಇಡೀ ರಾತ್ರಿ ಹಿಡಿಯುತ್ತದೆ.

ಜಾಗ, ತೆರಿಗೆ

7 ಸೀರೀಸ್ 5,391 ಮಿ.ಮೀ. ಉದ್ದ, ಎಸ್-ಕ್ಲಾಸ್ 5,289. ನಮ್ಮ ಕಟ್ಟಡಗಳಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ ಬಿಡುವ ಜಾಗ ಐದು ಮೀಟರ್. ಅಂದರೆ 7 ಸೀರೀಸ್‌ನ ಮೂತಿ ಒಂದು ಅಡಿಗೂ ಹೆಚ್ಚು ಹೊರಗೆ ಚಾಚುತ್ತದೆ. ಕಂಬಗಳ ನಡುವಿನ ಜಾಗದಲ್ಲಿ ಹಿಂದಿನ ದೊಡ್ಡ ಬಾಗಿಲು ಪೂರ್ತಿ ತೆರೆಯದಿದ್ದರೆ ಇಷ್ಟು ಹೊತ್ತು ಹೇಳಿದ ಸುಖಗಳೆಲ್ಲ ಪೋರ್ಟಿಕೋದಲ್ಲೇ ಸೋಲುತ್ತವೆ. ಟೇಪು ಹಿಡಿದು ಅಳೆಯಿರಿ, ಬೇಸ್‌ಮೆಂಟಿನ ಇಳಿಜಾರು ಮುಗಿಯುವ ತಿರುವನ್ನೂ ಅಳೆಯಿರಿ.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ 2024ರಿಂದ ಶೇ 10. 2023ರ ಜನವರಿಯಲ್ಲಿ 740ಐ 1.70 ಕೋಟಿಗೂ ಐ7 1.95 ಕೋಟಿಗೂ ಬಿಡುಗಡೆಯಾದವು. ಆ ಬೆಲೆಗಳಿಗೆ ಈ ತೆರಿಗೆಯನ್ನು ಹಚ್ಚಿದರೆ ಪೆಟ್ರೋಲ್ ಕಾರಿಗೆ ಸೆಸ್ ಬಿಟ್ಟು 30.6 ಲಕ್ಷ, ವಿದ್ಯುತ್ ಕಾರಿಗೆ 19.5 ಲಕ್ಷ ಆಗುತ್ತದೆ. ಷೋರೂಮಿನಲ್ಲಿ 25 ಲಕ್ಷವಾಗಿದ್ದ ಅಂತರ ರಸ್ತೆಗಿಳಿಯುವಷ್ಟರಲ್ಲಿ 14 ಲಕ್ಷದ ಆಸುಪಾಸಿಗೆ ಇಳಿಯುತ್ತದೆ.

ಯಾರಿಗೆ ಯಾವುದು

ಮನೆಯಲ್ಲಿ ಹಿರಿಯರಿದ್ದು, ದೂರದ ಪ್ರಯಾಣವಿದ್ದು, ಹಿಂದೆ ಕೂತು ನಿದ್ರಿಸಬೇಕೆನ್ನುವವರಿಗೆ ಉದ್ದನೆಯ ಎಸ್-ಕ್ಲಾಸ್, ಅದರಲ್ಲಿಯೂ ಚಿಕ್ಕ ಚಕ್ರದ 350ಡಿ, ನನ್ನ ಮೊದಲ ಆಯ್ಕೆ. ವಾರವೆಲ್ಲ ಚಾಲಕರ ಹಿಂದೆ ಕೂತು, ಭಾನುವಾರ ತಾವೇ ಓಡಿಸಲು ಬಯಸುವವರಿಗೆ, ಮಕ್ಕಳಿರುವ ಮನೆಗೆ, ತಲೆ ತಗ್ಗಿಸಿ ಹತ್ತಲಾರದ ಎತ್ತರದವರಿಗೆ 7 ಸೀರೀಸ್ ಸರಿ. ನಗರದಲ್ಲೇ ಹೆಚ್ಚು ಓಡಾಟವಿದ್ದು ಸ್ವಂತ ಮನೆಯಲ್ಲಿ ಚಾರ್ಜರ್ ಹಾಕಿಸಬಲ್ಲವರಾದರೆ ಐ7. ಗಮನ ಸೆಳೆಯದೆ ಇರಬಯಸುವವರಿಗೆ ಎ8 ಎಲ್. ಎಲ್‌ಎಸ್ ಅನ್ನು ಕೈಕೆಲಸದ ಚೆಲುವು ಮನಸ್ಸಿಗೆ ನಾಟಿದವರು ಮಾತ್ರ ಕೊಳ್ಳಬೇಕು, ಆಗ ಅದು ನಿರಾಸೆಗೊಳಿಸದು.

ಮುಂಗಡ ಕೊಡುವ ಮುನ್ನ ಆ ಕಾರನ್ನು ಎರಡು ಗಂಟೆ ಕೇಳಿ ತೆಗೆದುಕೊಳ್ಳಿ. ನಿಮ್ಮ ಚಾಲಕರೇ ಓಡಿಸಲಿ, ನಿಮ್ಮ ಬೀದಿಯ ಹಂಪುಗಳ ಮೇಲೆಯೇ ಓಡಿಸಲಿ, ಮನೆಯ ನಾಲ್ವರೂ ಕೂತಿರಲಿ. ನೀವು ಹಿಂದೆ ಎಡಗಡೆ ಕೂತು ಅಂದಿನ ಪತ್ರಿಕೆಯ ಚಿಕ್ಕ ಅಕ್ಷರದ ಪುಟವನ್ನು ಓದಲು ತೊಡಗಿ. ಸಾಲು ತಪ್ಪದೆ ಓದಲು ಸಾಧ್ಯವಾಯಿತೇ, ಇಳಿಯುವಾಗ ಕೈ ಯಾವುದನ್ನು ಹಿಡಿಯಿತು, ಮೊಣಕಾಲು ಏನು ಹೇಳಿತು ಎಂಬುದನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು, ಮರುದಿನ ಇನ್ನೊಂದು ಕಾರಿನಲ್ಲಿ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೋಗಿ ಬನ್ನಿ.